ಅಮ್ಮನ ಕಾಗದ, ರೈಲಿನ ಸದ್ದು

ಲಲಿತ ಪ್ರಬಂಧ ಅಂದರೆ ಏನೆಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ‘ನಾನು’ ಎಂದು ಶುರುವಾಗಿ, ದಾರಿ ತಪ್ಪಿದ ಹಾಗೆ ಮಾಡಿ, ಎಲ್ಲೆಲ್ಲೋ ಸುತ್ತಾಡಿಸುವ ಬರವಣಿಗೆ. ಕ್ಯಾಮೆರಾ ಹಿಡಿದೂ ಅದನ್ನೇ ಮಾಡಿದವರಿದ್ದಾರೆ. ಕ್ರಿಸ್ ಮಾರ್ಕರ್, ಆನ್ಯೆಸ್ ವಾರ್ದಾ ಹೆಸರುಗಳು ನಿಮಗೆ ಪರಿಚಿತ. ಅವರು ಇನ್ನೊಂದು ಸಂಜೆಗೆ ಇರಲಿ. ಇವತ್ತು ಒಂದೇ ಚಿತ್ರ: ಬೆಲ್ಜಿಯಂನ ಶಾಂತಾಲ್ ಆಕರ್ಮನ್ ಅವರ 1977ರ ‘ನ್ಯೂಸ್ ಫ್ರಮ್ ಹೋಮ್’.

ಇಪ್ಪತ್ತು ದಾಟಿದ ಹೊಸತರಲ್ಲಿ ಆಕೆ ಬ್ರಸೆಲ್ಸ್‌ನ ಮನೆ ಬಿಟ್ಟು ನ್ಯೂಯಾರ್ಕಿಗೆ ಹೋದರು. ಅಮ್ಮ ಕಾಗದದ ಮೇಲೆ ಕಾಗದ ಬರೆದರು. ಕೆಲವು ವರ್ಷಗಳ ಮೇಲೆ ಆಕರ್ಮನ್ ಮತ್ತೆ ಅದೇ ನಗರಕ್ಕೆ ಹೋಗಿ ಬೀದಿ, ಸಬ್‌ವೇಗಳನ್ನು ಚಿತ್ರೀಕರಿಸಿದರು. ಆ ದೃಶ್ಯಗಳ ಮೇಲೆ ಅಮ್ಮನ ಕಾಗದಗಳನ್ನು ತಾವೇ ಓದಿದರು. ಕಥೆ ಇಷ್ಟೇ. ಮೊದಲ ಸಲ ನೋಡುವಾಗ ನಾನು ತೂಕಡಿಸಿದ್ದೆ, ಸುಳ್ಳೇಕೆ ಹೇಳಲಿ!

ಕಾಗದದಲ್ಲಿ ಘನವಾದದ್ದೇನೂ ಇಲ್ಲ. ನೆಂಟರ ಸುದ್ದಿ, ಮೈ ಹುಷಾರಿಲ್ಲದ್ದು, ಕಳಿಸಿದ ದುಡ್ಡು, ‘ಯಾಕೆ ಬರೆಯೋದಿಲ್ಲ’ ಎಂಬ ಅದೇ ಗೋಳು. ಈ ತಾಯಿ ಆಶ್ವಿಟ್ಜ್‌ನಿಂದ ಬದುಕಿ ಬಂದವರು ಎಂದು ತಿಳಿದ ಮೇಲೆ ಆ ಗೋಳು ನನಗೆ ಬೇರೆಯೇ ಆಗಿ ಕೇಳತೊಡಗಿತು. ಮಗಳ ಕಾಗದ ಬಾರದ ಒಂದೊಂದು ವಾರವೂ ಅವರಿಗೆ ಬರೀ ವಾರವಾಗಿತ್ತೇ?

ಮಗಳು ಓದುವ ರೀತಿ ನೋಡಿ. ಏರಿಳಿತವಿಲ್ಲ, ದಿನಸಿ ಚೀಟಿ ಓದಿದ ಹಾಗೆ ಸರಸರ. ಅಷ್ಟರಲ್ಲಿ ರೈಲೋ ಕಾರೋ ಬಂದು ಅರ್ಧ ವಾಕ್ಯವನ್ನೇ ನುಂಗಿಬಿಡುತ್ತದೆ. ದನಿಯನ್ನು ಏರಿಸುವುದು ಏನು ಕಷ್ಟದ ಕೆಲಸ? ಆಕರ್ಮನ್ ಏರಿಸಲಿಲ್ಲ. ಮಗಳು ಬರೆದ ಒಂದು ಉತ್ತರವೂ ಚಿತ್ರದಲ್ಲಿಲ್ಲ. ಅಮ್ಮನ ಮಾತನ್ನು ಮುಳುಗಿಸುವ ಆ ಸದ್ದೇ ಆಕೆಯ ಉತ್ತರ ಎಂದು ನನಗನ್ನಿಸುತ್ತದೆ. ಅದರಲ್ಲಿ ಬಿಡುಗಡೆಯೂ ಇದೆ, ತಪ್ಪಿತಸ್ಥ ಭಾವವೂ ಇದೆ. ಆಕೆಯ ಮುಖವನ್ನು ನಾವು ಕಾಣುವುದೇ ಇಲ್ಲ. ಸಬ್‌ವೇ ಬೋಗಿಯಲ್ಲಿ ಪ್ರಯಾಣಿಕರು ಕ್ಯಾಮೆರಾವನ್ನು ದುರುಗುಟ್ಟಿ ನೋಡುವಾಗ ಮಾತ್ರ, ಓ, ಅಲ್ಲೊಬ್ಬಳು ನಿಂತಿದ್ದಾಳೆ ಎಂದು ಗೊತ್ತಾಗುತ್ತದೆ.

ಕೊನೆಯ ದೃಶ್ಯ ಹತ್ತು ನಿಮಿಷದ ಆಸುಪಾಸು. ದೋಣಿ ದಡ ಬಿಡುತ್ತದೆ. ಮ್ಯಾನ್‌ಹಟನ್ ನಿಧಾನಕ್ಕೆ ಹಿಂದೆ ಸರಿದು, ಅವಳಿ ಗೋಪುರಗಳ ಸಮೇತ ಮಂಜಿನಲ್ಲಿ ಮಸುಕಾಗುತ್ತದೆ. ಈಗ ಅದನ್ನೇ ಹಾಕುತ್ತೇವೆ. ದೀಪ ಆರಿಸಿ. ಫ್ಯಾನ್ ಕಿರುಗುಟ್ಟುತ್ತಿದೆ, ಇರಲಿ ಬಿಡಿ.