ಕೂಗುವ ಅಕ್ಷರದ ಕಥೆ

(ಮುದ್ರಣಕಲೆಯನ್ನು ಕುರಿತ ಉಪನ್ಯಾಸದ ಪಠ್ಯ)



ಇಂಗ್ಲಿಷ್ ನಿಘಂಟೊಂದನ್ನು ತೆರೆದರೆ ಕಣ್ಣು ಮೊದಲು ಹೋಗಿ ನಿಲ್ಲುವುದು ದಪ್ಪ ಅಕ್ಷರಗಳ ಮೇಲೆ. ಪದ ದಪ್ಪ, ಅದರ ಅರ್ಥ ತೆಳು. ಈ ಏರ್ಪಾಡು ಇಂದು ಎಷ್ಟು ಸಹಜವೆಂದರೆ, ಅಚ್ಚಿನ ವಿದ್ಯೆ ಹುಟ್ಟಿದಂದಿನಿಂದಲೂ ಹೀಗೇ ಇತ್ತೆಂದು ಯಾರಿಗಾದರೂ ಅನ್ನಿಸೀತು. ಆದರೆ ಯೂರೋಪಿನಲ್ಲಿ ಗುಟೆನ್‌ಬರ್ಗ್ ಮೊಳೆ ಜೋಡಿಸಿ ಪುಸ್ತಕ ಅಚ್ಚುಮಾಡಿದ್ದು 1450ರ ದಶಕದಲ್ಲಿ. ಪಠ್ಯದ ಅಕ್ಷರಕ್ಕೆ ಜೊತೆಯಾಗಿ ನಿಲ್ಲಲೆಂದೇ ಕ್ಲ್ಯಾರೆಂಡನ್ ಎಂಬ ದಪ್ಪ ಅಕ್ಷರ ರೂಪುಗೊಂಡದ್ದು 1845ರಲ್ಲಿ. ಇಂದು ಪಂಡಿತರ ಗ್ರಂಥಗಳಲ್ಲಿ ಗಂಭೀರವಾಗಿ ಕುಳಿತಿರುವ ಈ ಅಕ್ಷರದ ತವರು ಮಾತ್ರ ಬೀದಿಯ ಗೋಡೆ.

ರೋಮನ್ ಲಿಪಿಯ ಅಕ್ಷರಗಳ ಗೆರೆ ಮುಗಿಯುವಲ್ಲಿ ಪುಟ್ಟದೊಂದು ಅಡ್ಡಗೆರೆ ಇರುತ್ತದೆ. ಅದಕ್ಕೆ ಸೆರಿಫ್ ಎಂದು ಹೆಸರು. ಇದು ಕನ್ನಡದ ತಲೆಕಟ್ಟಿನಂಥದಲ್ಲ. ತಲೆಕಟ್ಟು ತೆಗೆದರೆ ನಮ್ಮ ಅಕ್ಷರವೇ ಕೆಡುತ್ತದೆ; ಸೆರಿಫ್ ತೆಗೆದರೂ ರೋಮನ್ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ. ಪುಸ್ತಕದ ಅಕ್ಷರಗಳಲ್ಲಿ ಈ ಅಡ್ಡಗೆರೆ ನವಿರಾಗಿರುತ್ತದೆ. ಅದೇ ಗೆರೆಯನ್ನು ಅಕ್ಷರದ ಕಂಬದಷ್ಟೇ ದಪ್ಪ ಮಾಡಿ, ಚಪ್ಪಡಿ ಕಲ್ಲಿನಂತೆ ಅಡಿಗೂ ಮುಡಿಗೂ ಕೂರಿಸಿದರೆ ಸ್ಲ್ಯಾಬ್ ಸೆರಿಫ್ ಆಯಿತು. ಸ್ಲ್ಯಾಬ್ ಎಂದರೆ ಚಪ್ಪಡಿಯೇ.

ಅಕ್ಷರಕ್ಕೆ ಇಷ್ಟು ದಪ್ಪ ಪಾದಗಳು ಏಕೆ ಬೇಕಾದವು? ಹತ್ತೊಂಬತ್ತನೆಯ ಶತಮಾನದ ಆರಂಭದ ಲಂಡನ್ ಕಾರ್ಖಾನೆಗಳ ಕಾಲದ ನಗರ. ಸರಕು ಹೆಚ್ಚಿತು, ಮಾರುವವರೂ ಹೆಚ್ಚಿದರು. ನಾಟಕ, ಲಾಟರಿ, ಹರಾಜು ಎಲ್ಲಕ್ಕೂ ಭಿತ್ತಿಪತ್ರ ಬೇಕಾಯಿತು. ಪುಸ್ತಕದ ಅಕ್ಷರ ಓದುಗನಿಗಾಗಿ ಕಾದು ಕೂರುತ್ತದೆ. ಭಿತ್ತಿಪತ್ರದ ಅಕ್ಷರವಾದರೋ ನಡೆದುಹೋಗುವವನನ್ನು ತಡೆದು ನಿಲ್ಲಿಸಬೇಕು. ವಿನ್ಸೆಂಟ್ ಫಿಗಿನ್ಸ್ ಎಂಬ ಮೊಳೆ ಎರಕದವನು 1810ರ ದಶಕದಲ್ಲಿ ಚಪ್ಪಡಿ ಪಾದದ ದೊಡ್ಡಕ್ಷರಗಳನ್ನು ಮಾರಾಟಕ್ಕಿಟ್ಟ. ಸ್ವಲ್ಪ ಕಾಲದಲ್ಲೇ ಈ ಜಾತಿಗೆ 'ಈಜಿಪ್ಷಿಯನ್' ಎಂಬ ಹೆಸರು ಅಂಟಿಕೊಂಡಿತು. ಈಜಿಪ್ಟಿನ ಲಿಪಿಗೂ ಇದಕ್ಕೂ ಎಳ್ಳಷ್ಟೂ ನಂಟಿಲ್ಲ. 1798ರ ನೆಪೋಲಿಯನ್ ದಂಡಯಾತ್ರೆಯ ನಂತರ ಯೂರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು. ಆ ಹೆಸರಿಟ್ಟದ್ದು ಬಿಕರಿಯಾಗುವ ಕಾಲವದು.

ಅಕ್ಷರ ದೊಡ್ಡದಾದಷ್ಟೂ ಸೀಸದ ಮೊಳೆ ಭಾರವಾಯಿತು, ದುಬಾರಿಯಾಯಿತು. ಅದಕ್ಕೆ ಪರಿಹಾರ ಹುಡುಕಿದವನು ನ್ಯೂಯಾರ್ಕಿನ ಡೇರಿಯಸ್ ವೆಲ್ಸ್. ಯಂತ್ರದಿಂದ ಮರದಲ್ಲಿ ಅಕ್ಷರ ಕೊರೆದು 1828ರಲ್ಲಿ ಅವುಗಳ ಮಾದರಿ ಪಟ್ಟಿಯನ್ನೇ ಹೊರತಂದ. ಅಲ್ಲಿಂದ ಮುಂದೆ ಸರ್ಕಸ್ಸಿನ ಜಾಹೀರಾತಿನಿಂದ ಹಿಡಿದು ಕಳ್ಳರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರುವ ಪ್ರಕಟಣೆಯವರೆಗೆ ಅಮೆರಿಕದ ಗೋಡೆಗಳನ್ನೆಲ್ಲ ಮರದ ಅಕ್ಷರಗಳು ಆಳಿದವು. ತೊಡಕು ಹುಟ್ಟಿದ್ದೂ ಅಲ್ಲೇ. ಒಬ್ಬ ದಪ್ಪಕ್ಷರ ಹಾಕಿದರೆ ಪಕ್ಕದವನು ಇನ್ನೂ ದಪ್ಪದ್ದು ಹಾಕಿದ. ಒಂದೇ ಹಾಳೆಯ ಹತ್ತು ಸಾಲಿಗೆ ಹತ್ತು ಬಗೆಯ ದಪ್ಪ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲವಷ್ಟೆ.

ಈ ಗದ್ದಲದ ನಡುವೆ ಬೇರೆ ದಾರಿ ಹಿಡಿದದ್ದು ಲಂಡನ್ನಿನ ಫ್ಯಾನ್ ಸ್ಟ್ರೀಟ್ ಎರಕದ ಮನೆ. ಅದರ ಪಾಲುದಾರ ರಾಬರ್ಟ್ ಬೆಸ್ಲಿ. ಉಕ್ಕಿನಲ್ಲಿ ಅಕ್ಷರ ಕೆತ್ತಿದ ಕುಶಲಕರ್ಮಿ ಬೆಂಜಮಿನ್ ಫಾಕ್ಸ್. ಅವರ ಕ್ಲ್ಯಾರೆಂಡನ್‌ನಲ್ಲಿ ಚಪ್ಪಡಿ ಉಳಿಯಿತು, ಒರಟುತನ ಇಳಿಯಿತು. ಕಂಬವೂ ಪಾದವೂ ಕೂಡುವೆಡೆ ಮೂಲೆಯ ಬದಲು ಒಂದು ಸಣ್ಣ ಬಾಗು ಬಂತು. ಗೆರೆಗಳಲ್ಲಿ ದಪ್ಪ ತೆಳುವಿನ ಏರಿಳಿತ ಕೊಂಚ ಮರಳಿತು. ಅಗಲ ಕಡಿಮೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನ್ಯ ಪಠ್ಯದ ಅಕ್ಷರದೊಡನೆ ಒಂದೇ ಸಾಲಿನಲ್ಲಿ ಹೊಂದಿ ನಿಲ್ಲುವ ಅಳತೆ ಅದಕ್ಕಿತ್ತು. ಅದುವರೆಗೆ ನಿಘಂಟಿನ ಪದವನ್ನು ಎತ್ತಿ ತೋರಿಸಲು ಮುದ್ರಕರು ಎಲ್ಲಿಂದಲೋ ತಂದ ಹೊಂದದ ಮೊಳೆಗಳನ್ನು ಜೋಡಿಸಿ ಒದ್ದಾಡಬೇಕಿತ್ತು.

ಈ ವಿನ್ಯಾಸಕ್ಕೆ ಬ್ರಿಟನ್ನಿನ ಕಾನೂನು ನೀಡಿದ ರಕ್ಷಣೆ ಮೂರೇ ವರ್ಷ. ಅವಧಿ ಮುಗಿದದ್ದೇ ತಡ, ಇತರ ಎರಕದ ಮನೆಗಳು ನಕಲಿಗಿಳಿದವು. 'ಕ್ಲ್ಯಾರೆಂಡನ್' ಎಂಬುದು ಒಂದು ಅಕ್ಷರದ ಹೆಸರಾಗಿ ಉಳಿಯದೆ ದಪ್ಪಕ್ಷರಕ್ಕೇ ಪರ್ಯಾಯವಾಯಿತು. ಬೆಸ್ಲಿ ಮುಂದೆ 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ. ಕೆತ್ತಿದ ಫಾಕ್ಸ್‌ನ ಹೆಸರು ಮುದ್ರಣದ ಇತಿಹಾಸ ಬಲ್ಲವರಿಗಷ್ಟೇ ಗೊತ್ತು. 1884ರಿಂದ ಕಂತುಗಳಲ್ಲಿ ಹೊರಬಂದ, ಆಕ್ಸ್‌ಫರ್ಡ್ ನಿಘಂಟೆಂದು ಪ್ರಸಿದ್ಧವಾದ ಮಹಾಕೋಶದ ಪದಗಳು ನಿಂತದ್ದು ಕ್ಲ್ಯಾರೆಂಡನ್ ಅಕ್ಷರದಲ್ಲೇ.

ಚಪ್ಪಡಿ ಪಾದದ ಇನ್ನೊಂದು ಉಪಯೋಗ ನಮ್ಮ ಕಚೇರಿಗಳಲ್ಲೂ ಕೋರ್ಟುಗಳಲ್ಲೂ ಕಂಡದ್ದೇ. ಇಂಗ್ಲಿಷ್ ಟೈಪ್‌ರೈಟರಿನಲ್ಲಿ 'ಐ'ಗೂ ಅಷ್ಟೇ ಜಾಗ, 'ಎಂ'ಗೂ ಅಷ್ಟೇ ಜಾಗ. ಬಡಕಲು 'ಐ'ಯ ಎರಡೂ ಬದಿ ಖಾಲಿ ಬಿದ್ದರೆ ಪದ ಹರಿದಂತೆ ಕಾಣುತ್ತದೆ. ಅದಕ್ಕೆ ಅಗಲವಾದ ಪಾದ ಕೊಟ್ಟು ಜಾಗ ತುಂಬಿಸಿದರು. ಅಲ್ಲಿ ಚಪ್ಪಡಿ ಕೂಗುವುದಿಲ್ಲ, ತೇಪೆ ಹಾಕುತ್ತದೆ. 1956ರಲ್ಲಿ ಪಾಲ್ ರ‍್ಯಾಂಡ್ ಐಬಿಎಂ ಕಂಪನಿಗೆ ಲಾಂಛನ ರಚಿಸುವಾಗಲೂ ಜರ್ಮನಿಯ ಗೇಯಾರ್ಗ್ ಟ್ರುಂಪ್ ರೂಪಿಸಿದ 'ಸಿಟಿ' ಎಂಬ ಚಪ್ಪಡಿ ಅಕ್ಷರವನ್ನೇ ಆಧಾರವಾಗಿಟ್ಟುಕೊಂಡರು. ಅಲ್ಲಿ ಮೂರೇ ಅಕ್ಷರ, ಸುತ್ತ ಬೇಕಾದಷ್ಟು ಖಾಲಿ ಜಾಗ.

ಇಂದು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಯಾವ ಅಕ್ಷರವಾದರೂ ದಪ್ಪವಾಗುತ್ತದೆ. ಕೆತ್ತುವ ಶ್ರಮವಿಲ್ಲ, ಮೊಳೆಯ ಖರ್ಚಿಲ್ಲ. ಆದ್ದರಿಂದಲೇ ಕರಪತ್ರಗಳಲ್ಲಿ, ಫ್ಲೆಕ್ಸ್ ಫಲಕಗಳಲ್ಲಿ ಎಲ್ಲವೂ ದಪ್ಪವಾಗಿ ಹಳೆಯ ಲಂಡನ್ನಿನ ಗೋಡೆ ಮರಳಿ ಬಂದಂತಿದೆ. ನಿಘಂಟಿನ ಪುಟದಲ್ಲಿ ದಪ್ಪಕ್ಷರಕ್ಕೆ ಬಲ ಬಂದದ್ದು ಅದರ ಗಾತ್ರದಿಂದಲ್ಲ, ಪಕ್ಕದಲ್ಲಿ ಮೆಲುದನಿಯ ಅಕ್ಷರಗಳು ಇದ್ದುದರಿಂದ. ಮದುವೆಯ ಕರೆಯೋಲೆಯಾಗಲಿ, ಸಭೆಯ ಪ್ರಕಟಣೆಯಾಗಲಿ ಬರೆಸುವ ಮೊದಲು, ಇದರಲ್ಲಿ ನಿಜಕ್ಕೂ ಎತ್ತಿ ಹೇಳಬೇಕಾದ ಮಾತು ಯಾವುದೆಂದು ಒಮ್ಮೆ ಕೇಳಿಕೊಂಡರೆ ಸಾಕು. ಉಳಿದದ್ದು ತೆಳುವಾಗಿಯೇ ಇರಲಿ.