ಬೂದಿದಿಬ್ಬದ ಸುತ್ತಣ ಬೇಲಿ: ನವಶಿಲಾಯುಗದ ಆವರಣಗಳನ್ನು ಅರ್ಥೈಸುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳ ಬಯಲಿನಲ್ಲಿಯೂ ಅದಕ್ಕೆ ತಾಗಿಕೊಂಡ ತೆಲಂಗಾಣ ಮತ್ತು ಆಂಧ್ರದ ಸೀಮೆಗಳಲ್ಲಿಯೂ ಇದುವರೆಗೆ ನೂರಕ್ಕೂ ಹೆಚ್ಚು ಬೂದಿದಿಬ್ಬಗಳು ದಾಖಲಾಗಿವೆ. ಕೆಲವು ನೆಲಮಟ್ಟಕ್ಕೆ ಸವೆದು ಹೊಲದಲ್ಲಿ ಬೂದುಬಣ್ಣದ ಮಚ್ಚೆಯಾಗಿ ಮಾತ್ರ ಉಳಿದಿದ್ದರೆ, ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿರುವಂಥವು ಇಂದಿಗೂ ದೂರದಿಂದಲೇ ಕಣ್ಣಿಗೆ ಬೀಳುವಷ್ಟು ಎತ್ತರವಾಗಿವೆ. ಇವು ದಕ್ಷಿಣ ಭಾರತದ ನವಶಿಲಾಯುಗಕ್ಕೆ, ಅಂದರೆ ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿ, ದನ ಸಾಕಣೆ ಮತ್ತು ಆರಂಭದ ಬೇಸಾಯ ಒಟ್ಟೊಟ್ಟಿಗೆ ಕಾಣಿಸಿಕೊಂಡ ಸುಮಾರು ಕ್ರಿ.ಪೂ. 3000ರಿಂದ 1200ರವರೆಗಿನ ಕಾಲಕ್ಕೆ ಸೇರಿದವು. ಇಂದು ರಾಶಿಯಾಗಿ ಕಾಣುವ ಇಂಥ ನೆಲೆ ಮೊದಲಿಗೆ ಬೇಲಿ ಸುತ್ತಿದ ಬಯಲು ಜಾಗವಾಗಿತ್ತು. ಆ ಬೇಲಿ ಎಲ್ಲಿ ಹಾದಿತ್ತು, ಅದರ ಹೊರಗೆ ಯಾರು ಹೇಗೆ ಬದುಕಿದ್ದರು ಎಂಬುದನ್ನು ಕೇಳದೆ ರಾಶಿಯನ್ನಷ್ಟೇ ಅಳೆಯುತ್ತ ಹೋದರೆ ವ್ಯಾಖ್ಯಾನ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಈ ವಿಚಾರ ಸಂಕಿರಣದ ಮುಂದಿರುವ ಆಶಯ.

ದಿಬ್ಬಗಳಿಗೆ ವಿವರಣೆ ಕೊಡುವ ಕೆಲಸವನ್ನು ಪುರಾತತ್ತ್ವಜ್ಞರಿಗಿಂತ ಮೊದಲು ಊರಿನವರೇ ಮಾಡಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತೆಯ ಬೂದಿಯೆಂಬ ನಂಬಿಕೆ ಇಂದಿಗೂ ಇದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಈ ದಿಬ್ಬಗಳನ್ನು ಬರಹಕ್ಕೆ ತಂದ ಮೇಲೆ ಜ್ವಾಲಾಮುಖಿ, ಸಾಮೂಹಿಕ ದಹನ, ಲೋಹ ಕರಗಿಸುವ ಕುಲುಮೆ ಎಂಬ ಊಹೆಗಳು ಒಂದರ ಹಿಂದೊಂದು ಬಂದವು. ಕುಲುಮೆಯ ಊಹೆಗೆ ಕಾರಣ ಸುಲಭವಾಗಿ ತಿಳಿಯುವಂಥದು: ದಿಬ್ಬದ ಬೂದಿ ಕೆಲವೆಡೆ ಕರಗಿ, ಗುಳ್ಳೆಗುಳ್ಳೆಯಾಗಿ, ಗಾಜಿನ ಹೊಳಪಿನ ಕಿಟ್ಟದಂತೆ ಗಟ್ಟಿಯಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅದೇ ಶತಮಾನದ ಕೊನೆಯ ದಶಕಗಳಲ್ಲಿ ದಿಬ್ಬಗಳಲ್ಲಿ ಸಿಗುವ ಕಲ್ಲುಕೊಡಲಿ, ಮಡಕೆಚೂರು ಮತ್ತು ದನದ ಮೂಳೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಇವು ನವಶಿಲಾಯುಗದ ದನದ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಉರಿದು ಆದವು ಎಂದರು. ಆ ಮಾತಿಗೆ ಪ್ರಯೋಗಾಲಯದ ಸಾಕ್ಷ್ಯ ದೊರೆತದ್ದು 1960ರಲ್ಲಿ, ಜಾಯ್ನರ್ ಅವರ ವಿಶ್ಲೇಷಣೆಯಿಂದ. ಹುಲ್ಲು ತನ್ನ ಜೀವಕೋಶಗಳಲ್ಲಿ ಕೂಡಿಸಿಕೊಳ್ಳುವ ಸಿಲಿಕಾ ದನದ ಹೊಟ್ಟೆಯನ್ನು ದಾಟಿ ಸಗಣಿಯಲ್ಲಿ ಉಳಿಯುತ್ತದೆ. ತೀವ್ರ ಶಾಖದಲ್ಲಿ ಅದು ಬೂದಿಯ ಕ್ಷಾರದೊಡನೆ ಸೇರಿ ಕರಗುತ್ತದೆ. ಕಿಟ್ಟದಂತೆ ಕಂಡದ್ದರ ಮೂಲ ಅದಿರಲ್ಲ, ಹುಲ್ಲು.

ಆವರಣದ ಸಾಕ್ಷ್ಯ ನೆಲದಲ್ಲೇ ಸಿಕ್ಕಿದ್ದು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ. 1957ರಲ್ಲಿ ಅಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಬೂದಿಯ ಪದರಗಳನ್ನು ಮೇಲಿನಿಂದ ಒಂದೊಂದಾಗಿ ಬಿಡಿಸಿದಾಗ, ಅವುಗಳ ಅಂಚಿಗೆ ದಪ್ಪ ಮರದ ಕಾಂಡಗಳನ್ನು ನೆಟ್ಟ ಗೂಟದ ಕುಣಿಗಳು ಸಾಲಾಗಿ ಕಂಡವು. ಗೂಟದ ಕುಣಿ ಎಂದರೆ ಮರ ಕೊಳೆತೋ ಸುಟ್ಟೋ ಹೋದ ಮೇಲೆ ಅದು ನಿಂತಿದ್ದ ಗುಂಡಿಯಲ್ಲಿ ಬೇರೆ ಬಣ್ಣದ ಮಣ್ಣು ತುಂಬಿ ಉಳಿಯುವ ಗುರುತು. ಮರ ಇಲ್ಲದಿದ್ದರೂ ಬೇಲಿಯ ಜಾಡು ಹಿಡಿಯಲು ಅದು ಸಾಕು. ಬೇಲಿ ಸುಟ್ಟುಹೋದ ಮೇಲೆ ಅದೇ ನೆಲೆಯಲ್ಲಿ ಮತ್ತೆ ಬೇಲಿ ಎದ್ದಿತ್ತು, ಮತ್ತೆ ಸುಟ್ಟಿತ್ತು. ಒಳನೆಲದಲ್ಲಿ ದನಗಳ ಗೊರಸಿನ ಗುರುತುಗಳೇ ಉಳಿದಿದ್ದವು. ಹಸಿಯಾಗಿದ್ದ ನೆಲದಲ್ಲಿ ಮೂಡಿದ ಹೆಜ್ಜೆಯೊಂದು ಅಳಿಸದೆ ಉಳಿಯಬೇಕಾದರೆ ಅದು ಮತ್ತೆ ತುಳಿತಕ್ಕೆ ಸಿಗುವ ಮೊದಲೇ ಮುಚ್ಚಿಹೋಗಬೇಕು. ಹೀಗಾಗಿ ಒಂದು ಗೊರಸಿನ ಗುರುತು ದನ ಇತ್ತೆಂಬುದನ್ನಷ್ಟೇ ಅಲ್ಲದೆ, ಆ ನೆಲ ಬಳಕೆ ತಪ್ಪಿದ ಗಳಿಗೆಯನ್ನೂ ಹೇಳುತ್ತದೆ. ಬೂದಿಯ ಒಟ್ಟು ಗಾತ್ರದಿಂದ ಇಂಥ ಮಾಹಿತಿ ಎಂದೂ ಹೊರಡುವುದಿಲ್ಲ.

ಬೆಂಕಿ ಏಕೆ ಎಂಬ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಒಣ ಸಗಣಿ ಸಾಮಾನ್ಯವಾಗಿ ಹೊಗೆಯಾಡುತ್ತ, ಒಳಗೊಳಗೇ ನಿಧಾನವಾಗಿ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಒಲೆಗೆ ಬೆರಣಿ ಒಡ್ಡಿದವರೆಲ್ಲರೂ ಇದನ್ನು ಬಲ್ಲರು. ಕರಗಿದ ಪದರ ಬೇಕಾದರೆ ಗಾಳಿ ಅಥವಾ ಸೌದೆಯ ಬಲವಿರುವ ಉರಿ ಬೇಕು. ಆದ್ದರಿಂದ ಎಲ್ಲ ಪದರಗಳನ್ನೂ ಆಕಸ್ಮಿಕ ಬೆಂಕಿಯ ಲೆಕ್ಕಕ್ಕೆ ಹಾಕುವುದು ಕಷ್ಟ. ಆಲ್ಚಿನ್ ಅವರು ಗೊತ್ತಾದ ಕಾಲಕ್ಕೆ ಬೇಕೆಂದೇ ಹಚ್ಚಿದ ಬೆಂಕಿಯನ್ನು ಕಲ್ಪಿಸಿ, ಅದರ ಉಳಿಕೆಯನ್ನು ದನಗಳಿಗೆ ಸಂಬಂಧಿಸಿದ ಇಂದಿನ ಹಬ್ಬಗಳ ಬೆಂಕಿಯಲ್ಲಿ ಹುಡುಕಿದರು. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಹೋಲಿಕೆ ತಟ್ಟನೆ ಒಪ್ಪಿಗೆಯಾಗುತ್ತದೆ, ಮತ್ತು ತಟ್ಟನೆ ಒಪ್ಪಿಗೆಯಾಗುವುದೇ ಅದರ ತೊಡಕು. ನಡುವೆ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಕಬ್ಬಿಣ, ರಾಜ್ಯ, ದೇವಾಲಯ, ಕೆರೆ ಬೇಸಾಯ ಎಲ್ಲವೂ ಆ ನಡುವಿನವು. ಹಬ್ಬವನ್ನು ಪುರಾವೆಯಾಗಿ ತರುವುದಕ್ಕಿಂತ ದಿನನಿತ್ಯದ ಬೇಸಾಯವನ್ನು ಪ್ರಶ್ನೆಯಾಗಿ ತರುವುದು ಹೆಚ್ಚು ಫಲ ಕೊಟ್ಟೀತು. ಇಂದಿನ ರೈತ ಗೊಬ್ಬರಕ್ಕಾಗಿ ಕುರುಬರಿಗೆ ಕಾಳನ್ನೋ ಹಣವನ್ನೋ ಕೊಟ್ಟು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾನೆ. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರ ಅಧ್ಯಯನಗಳಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರು ಮತ್ತು ಸಣ್ಣ ಸಿರಿಧಾನ್ಯಗಳನ್ನು ಬೆಳೆಯುತ್ತಿದ್ದರೆಂಬುದು ಸುಟ್ಟುಳಿದ ಕಾಳುಗಳಿಂದ ಗೊತ್ತಾಗಿದೆ. ಬೇಸಾಯ ಬಲ್ಲ ಜನ ಅಷ್ಟು ಗೊಬ್ಬರವನ್ನು ಹೊಲಕ್ಕೆ ಹಾಕದೆ ದೊಡ್ಡಿಯಲ್ಲೇ ಬಿಟ್ಟು ಸುಟ್ಟದ್ದೇಕೆ ಎಂಬ ಪ್ರಶ್ನೆಗೆ ಸಂಕಿರಣದ ಯಾವುದಾದರೂ ಒಂದು ಗೋಷ್ಠಿ ಮೀಸಲಾದರೂ ತಪ್ಪಿಲ್ಲ.

ದೊಡ್ಡಿಗಳು ಊರಿನಿಂದ ದೂರದ ಕಾಡಿನಲ್ಲಿದ್ದ ಋತುಮಾನದ ಬೀಡುಗಳು ಎಂಬ ಹಿಂದಿನ ತಿಳಿವಳಿಕೆಯನ್ನು ಬಲವಾಗಿ ಅಲುಗಿಸಿದ್ದು ಸುರಪುರ ಸೀಮೆಯ ಬೂದಿಹಾಳ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ದಿಬ್ಬವನ್ನು ಸೀಳಿ ನೋಡುವುದಕ್ಕಷ್ಟೇ ನಿಲ್ಲದೆ ಅದರ ಪಕ್ಕದ ನೆಲವನ್ನು ಅಗಲವಾಗಿ ತೆರೆದರು. ಗುಡಿಸಲುಗಳ ತಳ, ಚರ್ಟ್ ಎಂಬ ಗಡಸು ಕಲ್ಲಿನಿಂದ ಅಲಗು ತೆಗೆಯುತ್ತಿದ್ದ ಜಾಗ, ಮಡಕೆಯಲ್ಲಿಟ್ಟು ಹೂತ ಮಕ್ಕಳ ಸಮಾಧಿಗಳು, ದನಗಳನ್ನು ಕಡಿದು ಮಾಂಸ ಬಿಡಿಸುತ್ತಿದ್ದ ನೆಲ ಇವೆಲ್ಲ ಸಗಣಿಯ ಆವರಣದ ಮಗ್ಗುಲಲ್ಲೇ ದೊರೆತವು. ದಿಬ್ಬವಿದ್ದಲ್ಲಿ ಊರೂ ಇತ್ತು ಎಂಬ ಪದ್ದಯ್ಯ ಅವರ ನಿಲುವು ಎಲ್ಲ ದಿಬ್ಬಗಳಿಗೂ ಸಮನಾಗಿ ಹೊಂದುತ್ತದೆಯೇ ಎಂಬುದು ಚರ್ಚೆಗೆ ತೆರೆದಿದೆ. ಆದರೆ ಅದನ್ನು ಅಲ್ಲಗಳೆಯುವವರು ಕೂಡ ದಿಬ್ಬದ ಹೊರಗೆ ಅಗೆದೇ ಅಲ್ಲಗಳೆಯಬೇಕಾಗುತ್ತದೆ. ಆ ಮಟ್ಟಿಗೆ ಬೂದಿಹಾಳ ಕೆಲಸದ ದಾರಿಯನ್ನೇ ಬದಲಿಸಿತು.

ಈಚಿನ ದಶಕಗಳಲ್ಲಿ ಪೀಟರ್ ಜೊಹಾನ್ಸನ್ ಅವರಂಥ ವಿದ್ವಾಂಸರು ದಿಬ್ಬಗಳನ್ನು ಉದ್ದೇಶಪೂರ್ವಕವಾಗಿ ಬೆಳೆಸಿದ ಸ್ಮಾರಕಗಳೆಂದು ಓದಿದ್ದಾರೆ. ದಿಬ್ಬಗಳ ಎತ್ತರವನ್ನು ನೋಡಿದರೆ, ಕುಪ್ಪಗಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ದನಗಳ ಸಾಲನ್ನು ನೋಡಿದರೆ, ದನ ಆ ಜನಕ್ಕೆ ಬರಿಯ ಆಹಾರವಾಗಿರಲಿಲ್ಲವೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಆದರೂ ಸ್ಮಾರಕವೆಂಬ ಓದು ಕೊನೆಯ ಎತ್ತರದಿಂದ ಹಿಂದಕ್ಕೆ ಹೋಗಿ ಮೊದಲ ದಿನದ ಉದ್ದೇಶವನ್ನು ಊಹಿಸುವ ಅಪಾಯವನ್ನು ಒಳಗೊಂಡಿದೆ. ಮೊದಲ ಬೇಲಿ ನೆಟ್ಟವರ ಎದುರಿಗೆ ದಿಬ್ಬವೇ ಇರಲಿಲ್ಲ. ರೇಡಿಯೋ ಕಾರ್ಬನ್ ಕಾಲನಿರ್ಣಯಗಳನ್ನು, ಅಂದರೆ ಇದ್ದಿಲು ಮೂಳೆಗಳಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ಎಣಿಸಿದ ವರ್ಷಗಳನ್ನು, 2007ರಲ್ಲಿ ಫುಲ್ಲರ್, ನಿಕೋಲ್ ಬೊವಾನ್ ಮತ್ತು ಕೋರಿಶೆಟ್ಟರ್ ಒಟ್ಟಾಗಿ ಪರಿಶೀಲಿಸಿದ ಬಳಿಕ ದಿಬ್ಬಗಳ ಬೆಳವಣಿಗೆಯನ್ನು ತಲೆಮಾರುಗಳ ಅಳತೆಯಲ್ಲಿ ಯೋಚಿಸುವುದು ಸಾಧ್ಯವಾಗಿದೆ. ದೊಡ್ಡಿ ಯಾವ ತಲೆಮಾರಿನಲ್ಲಿ ನೆನಪಿನ ಗುರುತಾಯಿತು ಎಂಬುದನ್ನು ಪದರ ಪದರವಾಗಿ ತೋರಿಸಿದಾಗ ಸ್ಮಾರಕದ ವಾದಕ್ಕೆ ನಿಜವಾದ ಬಲ ಬರುತ್ತದೆ.

ಇತ್ತ ನೆಲ ಕಾಯುವುದಿಲ್ಲ. ದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರವಾಗಿ ಒಯ್ಯುವುದು ಹಿಂದಿನಿಂದ ನಡೆದುಬಂದಿದೆ. ರೈತನ ಕಣ್ಣಿನಲ್ಲಿ ಅದು ಅನ್ಯಾಯವೂ ಅಲ್ಲ. ಸಾಮಾನ್ಯವಾಗಿ ಕಾವಲಿಗೆ, ತಂತಿಬೇಲಿಗೆ, ಫಲಕಕ್ಕೆ ಪಾತ್ರವಾಗುವುದು ಕಣ್ಣಿಗೆ ಕಾಣುವ ಎತ್ತರ. ಗುಡಿಸಲಿನ ತಳ, ಮಕ್ಕಳ ಸಮಾಧಿ, ಗೂಟದ ಕುಣಿ ಇರಬಹುದಾದ ಚಪ್ಪಟೆ ಹೊಲ ನೇಗಿಲಿಗೂ ಟ್ರ್ಯಾಕ್ಟರಿಗೂ ತೆರೆದೇ ಇರುತ್ತದೆ. ಕೇಂದ್ರದ ಸಂರಕ್ಷಿತ ಸ್ಮಾರಕಗಳ ವಿಷಯದಲ್ಲಿ ಸ್ಮಾರಕ ಸಂರಕ್ಷಣಾ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ 100 ಮೀಟರಿನ ನಿಷೇಧಿತ ವಲಯವೂ ಅದರಾಚೆಗೆ 200 ಮೀಟರಿನ ನಿಯಂತ್ರಿತ ವಲಯವೂ ಸಂರಕ್ಷಿತ ಪ್ರದೇಶದ ಗಡಿಯಿಂದ ಎಣಿಕೆಯಾಗುತ್ತವೆ. ಆ ಗಡಿಯನ್ನು ಬೂದಿಯ ಬುಡಕ್ಕೆ ಎಳೆಯುವುದೋ ಬೇಲಿಯ ಹೊರಗಿನ ಊರನ್ನು ಒಳಗೊಂಡು ಎಳೆಯುವುದೋ ಎಂಬುದು ವ್ಯಾಖ್ಯಾನದ ಪ್ರಶ್ನೆಯೇ. ಸಂಕಿರಣದ ಮೊದಲ ಗೋಷ್ಠಿ ಹಳೆಯ ವರದಿಗಳ ನಕ್ಷೆಗಳನ್ನು ಇಂದಿನ ಸರ್ವೆ ನಂಬರುಗಳ ಮೇಲೆ ಇಟ್ಟು, ಯಾವ ದಿಬ್ಬದ ಯಾವ ಮಗ್ಗುಲು ಇನ್ನೂ ಉಳುಮೆಗೆ ಸಿಕ್ಕಿಲ್ಲ ಎಂಬುದನ್ನು ಗುರುತಿಸುವುದರಿಂದ ಆರಂಭವಾಗಲಿ.