ಸಗಣಿಯ ಬೂದಿಯೊಳಗಿನ ಊರು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರಿದೆ. ಅದರ ಹತ್ತಿರ ಒಂದು ದೊಡ್ಡ ದಿಬ್ಬ. ದೂರದಿಂದ ಮಣ್ಣಿನ ಗುಡ್ಡೆಯ ಹಾಗೇ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ಮಣ್ಣಲ್ಲ, ಬೂದಿ. ನಡುನಡುವೆ ಕರಗಿ ಗಟ್ಟಿಯಾದ, ಗಾಜಿನಂತೆ ಹೊಳೆಯುವ, ತೂತುತೂತಾದ ಕಿಟ್ಟದ ಗಡ್ಡೆಗಳೂ ಇವೆ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲೂ ಪಕ್ಕದ ಆಂಧ್ರ, ತೆಲಂಗಾಣಗಳಲ್ಲೂ ಇಂಥ ಬೂದಿದಿಬ್ಬಗಳು ನೂರಕ್ಕೂ ಹೆಚ್ಚಿವೆ. ಕೆಲವಂತೂ 5 ಮೀಟರಿಗಿಂತ ಎತ್ತರ.

ಇಷ್ಟೊಂದು ಬೂದಿ ಎಲ್ಲಿಂದ ಬಂತು? ಯಾರು ಏನನ್ನು ಸುಟ್ಟರು?

ಹಂಪಿಯ ಬಳಿ ನಿಂಬಾಪುರದಲ್ಲೂ ಒಂದು ಬೂದಿದಿಬ್ಬವಿದೆ. ರಾಮಾಯಣದ ವಾಲಿಯನ್ನು ದಹನ ಮಾಡಿದ ಜಾಗ ಅದೇ ಎಂದು ಅಲ್ಲಿನ ಜನ ಹೇಳುತ್ತಾರೆ. ಈ ಕತೆಯ ಮೇಲೆ ನನಗೆ ಬಹಳ ಗೌರವ. ಇಲ್ಲಿ ಬಹಳ ಹಿಂದೆ ಭಾರೀ ಬೆಂಕಿ ಉರಿದಿತ್ತು ಎಂಬುದನ್ನು ಹಳ್ಳಿಯ ಜನ ವಿಜ್ಞಾನಿಗಳಿಗಿಂತ ಎಷ್ಟೋ ಮೊದಲೇ ಗಮನಿಸಿದ್ದರು ಎಂದಲ್ಲವೇ ಅದರ ಅರ್ಥ? ಬ್ರಿಟಿಷರ ಕಾಲದ ಓದಿದವರೂ ಊಹೆಗಳನ್ನು ಹೂಡಿದರು. ಜ್ವಾಲಾಮುಖಿ ಎಂದರು ಕೆಲವರು, ಕಬ್ಬಿಣ ಕರಗಿಸಿದ ಕುಲುಮೆ ಎಂದರು ಇನ್ನು ಕೆಲವರು. ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ ಮಾತ್ರ ಬೇರೆಯದನ್ನು ಹೇಳಿದರು: ಇದು ದನದ ಸಗಣಿ ಸುಟ್ಟ ಬೂದಿ, ಇಲ್ಲಿ ದನದ ದೊಡ್ಡಿಗಳಿದ್ದವು.

ಸಗಣಿ ಸುಟ್ಟರೆ ಗಾಜಿನಂಥ ಕಿಟ್ಟ ಹೇಗೆ ಬರುತ್ತದೆ? ಕಬ್ಬಿನ ಗರಿಯೋ ಒರಟು ಹುಲ್ಲೋ ನಿಮ್ಮ ಬೆರಳನ್ನು ಎಂದಾದರೂ ಗೀರಿರಬಹುದು. ಹುಲ್ಲಿನ ಜಾತಿಯ ಗಿಡಗಳು ನೆಲದಿಂದ ಸಿಲಿಕವನ್ನು ಹೀರಿಕೊಂಡು ತಮ್ಮ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತವೆ. ಆ ಚೂಪು ಅದರದ್ದೇ. ಮರಳಿನಲ್ಲಿರುವುದೂ ಸಿಲಿಕ, ಗಾಜು ಮಾಡುವುದೂ ಸಿಲಿಕದಿಂದಲೇ. ದನ ಹುಲ್ಲು ಮೇಯ್ದಾಗ ಸಿಲಿಕ ಜೀರ್ಣವಾಗದೆ ಸಗಣಿಯಲ್ಲಿ ಉಳಿಯುತ್ತದೆ. ಸಗಣಿಯ ದೊಡ್ಡ ರಾಶಿ ಬಹಳ ಬಿಸಿಯಾಗಿ ಉರಿದರೆ ಆ ಸಿಲಿಕ ಕರಗುತ್ತದೆ, ಆರಿದ ಮೇಲೆ ಕಿಟ್ಟವಾಗುತ್ತದೆ. ಝಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪರೀಕ್ಷಿಸಿ, ಫುಟ್ ಹೇಳಿದ್ದೇ ಸರಿ ಎಂದು 1960ರಲ್ಲಿ ಬರೆದರು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಸಾಕ್ಷ್ಯ ಸಿಕ್ಕಿದ್ದು ತೆಲಂಗಾಣದ ಉಟ್ನೂರಿನಲ್ಲಿ. ರೇಮಂಡ್ ಆಲ್ಚಿನ್ ಎಂಬ ಪುರಾತತ್ತ್ವಜ್ಞರು 1957ರಲ್ಲಿ ಅಲ್ಲಿನ ಬೂದಿದಿಬ್ಬವನ್ನು ಅಗೆದರು. ಅಗೆಯುವುದು ಎಂದರೆ ಗುದ್ದಲಿ ಎತ್ತಿ ಹಾಕುವುದಲ್ಲ. ಚಿಕ್ಕ ಕರಣೆಯಿಂದ ಕೆರೆದು, ಕುಂಚದಿಂದ ಗುಡಿಸಿ, ಒಂದೊಂದೇ ಪದರ ತೆಗೆಯುವುದು. ಬೂದಿಯ ಕೆಳಗೆ ಗೂಟ ನೆಟ್ಟಿದ್ದ ಕುಳಿಗಳು ಸಾಲಾಗಿ ಕಂಡವು. ಗೂಟಗಳು ಎಂದೋ ಹೋಗಿವೆ, ಕುಳಿಗಳಲ್ಲಿ ತುಂಬಿಕೊಂಡ ಮಣ್ಣಿನ ಬಣ್ಣ ಮಾತ್ರ ಬೇರೆ. ಆ ಸಾಲನ್ನು ಹಿಡಿದು ಹೋದರೆ ಬೇಲಿಯ ಆಕಾರವೇ ಸಿಗುತ್ತದೆ. ಬೇಲಿಯ ಒಳಗೆ, ಬೂದಿಯ ಪದರದಲ್ಲಿ, ದನಗಳ ಗೊರಸಿನ ಗುರುತುಗಳು! ಮೆತ್ತಗಿದ್ದ ನೆಲದ ಮೇಲೆ ಒಂದು ದಿನ ದನಗಳು ತುಳಿದಾಡಿದವು, ಆಮೇಲೆ ಅದರ ಮೇಲೆ ಇನ್ನೊಂದು ಪದರ ಬಿತ್ತು. ಆ ತುಳಿತ ಸಾವಿರಾರು ವರ್ಷ ಹಾಗೇ ಕೂತಿತ್ತು.

ಯಾರೋ ಕೆಲಸದವರು ಅವಸರದಲ್ಲಿ ಬೂದಿಯನ್ನು ಬುಟ್ಟಿಗೆ ತುಂಬಿದ್ದರೆ ಆ ಗುರುತು ಅಲ್ಲೇ ಅಳಿದುಹೋಗುತ್ತಿತ್ತು. ಅದಕ್ಕೇ ಪುರಾತತ್ತ್ವಜ್ಞರಿಗೆ ಒಂದು ವಸ್ತು ಏನು ಎಂಬುದಕ್ಕಿಂತ ಅದು ಎಲ್ಲಿತ್ತು, ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದು ಮುಖ್ಯ. ಸಾಮಾನ್ಯವಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು.

ಎಷ್ಟು ಹಳೆಯದು ಎಂದು ತಿಳಿಯಲು ಇದ್ದಿಲು ನೆರವಾಗುತ್ತದೆ. ಬದುಕಿರುವ ಮರ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತಿರುತ್ತದೆ. ಅದರಲ್ಲಿ ಬಹಳ ಸ್ವಲ್ಪ ಭಾಗ ಇಂಗಾಲ-14. ಮರ ಸತ್ತ ಮೇಲೆ ಹೊಸ ಇಂಗಾಲ ಸೇರುವುದಿಲ್ಲ, ಇದ್ದ ಇಂಗಾಲ-14 ಕ್ಷಯಿಸುತ್ತಾ ಸುಮಾರು 5730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದು ಎಷ್ಟು ಎಂದು ಅಳೆದರೆ ಕಾಲ ಸಿಗುತ್ತದೆ. ಹೀಗೆ ಗೊತ್ತಾದದ್ದು: ಬೂದಿದಿಬ್ಬದ ಜನ ಇಂದಿಗೆ ಸುಮಾರು 5000 ವರ್ಷದಿಂದ 3200 ವರ್ಷದ ಹಿಂದಿನವರೆಗೆ ಇಲ್ಲಿ ಬಾಳಿದರು. ಅದು ನವಶಿಲಾಯುಗ.

ದನ ಕಾಯುವವರು ಅಲೆದಾಡುತ್ತಿದ್ದರೋ ಒಂದೇ ಕಡೆ ನೆಲೆಸಿದ್ದರೋ? ಸುರಪುರ ಸೀಮೆಯ ಬೂದಿಹಾಳದಲ್ಲಿ ಪ್ರೊಫೆಸರ್ ಕೆ. ಪದ್ದಯ್ಯ ಹಲವು ವರ್ಷ ಉತ್ಖನನ ನಡೆಸಿದರು. ಬೂದಿಯ ಪಕ್ಕದಲ್ಲೇ ಮನೆಗಳು ಸಿಕ್ಕವು, ಕಲ್ಲಿನ ಅಲಗುಗಳನ್ನು ಮಾಡುತ್ತಿದ್ದ ಜಾಗ ಸಿಕ್ಕಿತು, ಮಾಂಸ ಕತ್ತರಿಸುತ್ತಿದ್ದ ಅಂಗಳವೂ ಸಿಕ್ಕಿತು. ತೀರಿಹೋದ ಪುಟ್ಟ ಮಕ್ಕಳನ್ನು ಮಡಕೆಗಳಲ್ಲಿಟ್ಟು ಹೂಳಿದ್ದರು. ಅದನ್ನು ಓದಿದಾಗಲೆಲ್ಲ ಆ ತಾಯಿತಂದೆಯರ ನೆನಪಾಗುತ್ತದೆ, ಅವರ ಹೆಸರು ತಿಳಿಯದಿದ್ದರೂ.

ಅವರ ಊಟ? ಅದನ್ನು ತಿಳಿಯುವ ವಿಧಾನ ಎಷ್ಟು ಸರಳವೆಂದರೆ ನಿಮಗೆ ಆಶ್ಚರ್ಯವಾಗುತ್ತದೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡುತ್ತಾರೆ. ಮಣ್ಣು ತಳಕ್ಕಿಳಿಯುತ್ತದೆ, ಒಲೆಯಲ್ಲಿ ಸುಟ್ಟು ಇದ್ದಿಲಾದ ಕಾಳು ಹಗುರವಾದ್ದರಿಂದ ತೇಲುತ್ತದೆ. ಅದನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು ಮುಂತಾದ ಕಡೆ ಹೀಗೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ಇವತ್ತು ನಿಮ್ಮ ಮನೆಯಲ್ಲಿ ಹುರುಳಿ ಸಾರು ಮಾಡಿದ್ದರೆ ನೀವೂ ನವಶಿಲಾಯುಗದ ಬಳ್ಳಾರಿಯ ಮಗುವೂ ಒಂದೇ ಕಾಳು ತಿಂದಂತಾಯಿತು.

ಸಂಗನಕಲ್ಲಿಗೆ ಸೇರಿದಂತೆಯೇ ಇರುವ ಕುಪ್ಪಗಲ್ಲಿನ ಬೆಟ್ಟದ ಬಂಡೆಗಳಲ್ಲಿ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಬಿಡಿಸಿದ್ದಾರೆ. ಅಲ್ಲಿನ ಕೆಲವು ಕರಿಯ ಬಂಡೆಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯ ನಾದ ಬರುತ್ತದೆ. ಬಡಿದೂ ಬಡಿದೂ ಅವುಗಳಲ್ಲಿ ಗುಳಿ ಬಿದ್ದಿವೆ. ಮೂಳೆ, ಮಡಕೆ ಎಲ್ಲ ಕಡೆ ಸಿಗುತ್ತವೆ, ಹಳೆಯ ಜನ ಕೇಳಿದ ಸದ್ದನ್ನೇ ನಾವೂ ಕೇಳುವುದು ಅಪರೂಪ.

ಇಷ್ಟೆಲ್ಲ ತಿಳಿದರೂ ಒಂದು ಪ್ರಶ್ನೆಗೆ ಉತ್ತರ ತೀರ್ಮಾನವಾಗಿಲ್ಲ. ಸಗಣಿ ಒಳ್ಳೆಯ ಗೊಬ್ಬರ, ಒಳ್ಳೆಯ ಉರುವಲು. ಅದನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದೇಕೆ? ಆಲ್ಚಿನ್ ಅವರಿಗೆ ಅದು ಹಬ್ಬದ ಬೆಂಕಿಯಾಗಿ ಕಂಡಿತು. ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥದ್ದರ ಬೇರು ಅಷ್ಟು ಹಿಂದಕ್ಕೆ ಹೋಗುತ್ತದೆಯೇ ಎಂಬ ಯೋಚನೆ ಸೊಗಸಾದದ್ದು, ಆದರೆ ಅದಿನ್ನೂ ಊಹೆಯೇ. ದೊಡ್ಡಿ ಶುಚಿ ಮಾಡಲು ಸುಟ್ಟಿರಬಹುದು ಎನ್ನುವವರೂ ಇದ್ದಾರೆ. ಈಗಿನ ಸಂಶೋಧಕರು ಬೂದಿಯ ಪದರವನ್ನು ಕದಲದಂತೆ ಗಟ್ಟಿಮಾಡಿ, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿಟ್ಟು ಬೆಂಕಿ ಹೇಗೆ ಉರಿದಿತ್ತು ಎಂದು ಹುಡುಕುತ್ತಿದ್ದಾರೆ.

ಹಾಗೆ ಹುಡುಕಲು ದಿಬ್ಬ ಇರಬೇಕಲ್ಲ! ಎಷ್ಟೋ ಬೂದಿದಿಬ್ಬಗಳು ಗೊಬ್ಬರವಾಗಿ ಗಾಡಿ ಏರಿವೆ. ಸಂಗನಕಲ್ಲಿನ ಸುತ್ತ ಕಲ್ಲು ಒಡೆಯುವ ಕೆಲಸ ಬೆಟ್ಟಗಳನ್ನೇ ತಿಂದಿದೆ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಬಳ್ಳಾರಿಯಲ್ಲಿ ಫುಟ್ ಅವರ ಹೆಸರಿನ ವಸ್ತುಸಂಗ್ರಹಾಲಯವೊಂದಿದೆ. ಹೋದರೆ ಕಲ್ಲಿನ ಕೊಡಲಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ಅವುಗಳ ಅಂಚನ್ನು ನೋಡಿ. ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಯ ಮೇಲೆ ಉಜ್ಜಿ ನುಣುಪು ಮಾಡಿದ ಅಂಚು ಅದು. ಹಾಗೆ ಉಜ್ಜಿದ ಗುಳಿಗಳು ಸಂಗನಕಲ್ಲಿನ ಬಂಡೆಗಳ ಮೇಲೆ ಇಂದಿಗೂ ಇವೆ.